ಸಾಯುತ್ತಿದ್ದ ಹಾರ್ಡ್‌ಡಿಸ್ಕಿನ ಇಮೇಜ್ ತೆಗೆದದ್ದು: ನನ್ನ ಅನುಭವ

ಕೊನೆಗೂ ಆಯ್ತು. ಇಮೇಜ್ ಅಂದ್ರೆ ಇಡೀ ಡಿಸ್ಕನ್ನು ಇದ್ದ ಹಾಗೇ ಒಂದು ಫೈಲಿಗೆ ಇಳಿಸಿಕೊಂಡ ನಕಲು. ಹನ್ನೊಂದು ದಿನ ಹಿಡಿಯಿತು. ದಾವಣಗೆರೆಯ ಒಂದು ಹಳೇ ಪ್ರೆಸ್ಸಿನ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಈಗ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಡಿಸ್ಕ್) ಮೇಲೆ ಓಡುತ್ತಿದೆ, ಒಂದೇ ಒಂದು ಫಾಂಟ್ ಕೂಡ ಕಳೆದುಹೋಗಿಲ್ಲ. "ಆಗಲ್ಲ ಬಿಡು, ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿಕೊಡು" ಅಂದವರು ಕಡಿಮೆ ಅಂದ್ರೂ ನಾಲ್ಕು ಜನ. ಅದರಲ್ಲಿ ಇಬ್ಬರು ಈ ಕೆಲಸದಲ್ಲಿ ನನಗಿಂತ ಹಳಬರು. ಅದಕ್ಕೇ ಬರೆಯುತ್ತಿದ್ದೇನೆ.

ಫಾರ್ಮ್ಯಾಟ್ ಹೊಡೆಯೋದು ಯಾಕೆ ಆಗಲ್ಲ ಅನ್ನೋದು ಪ್ರೆಸ್ ಕೆಲಸ ನೋಡಿದವರಿಗೆ ಗೊತ್ತು. ಅದರಲ್ಲಿರುವುದು ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7. ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಹದಿನೈದು ವರ್ಷದ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ ಎಲ್ಲಾ ಹಳೇ ಆಸ್ಕಿ ಫಾಂಟ್‌ನಲ್ಲಿ, ಅಂದ್ರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್‌ನಲ್ಲಿ. ಫಾಂಟ್ ಒಂದು ತಪ್ಪಿದರೆ 'ಶ್ರೀ' ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತೆ. ಕನ್ನಡ ಲಿಪಿ ತಂತ್ರಾಂಶದ ಸಿಡಿ ಯಾವಾಗಲೋ ಕಳೆದಿದೆ. ಉಳಿದಿರುವುದು ಕಂಪ್ಯೂಟರಿನ ಹಿಂಭಾಗದ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿರುವ ಡಾಂಗಲ್ (ಆ ತಂತ್ರಾಂಶಕ್ಕೆ ಬೀಗದ ಕೈಯಂಥ ಪುಟ್ಟ ಸಾಧನ) ಮಾತ್ರ. ಅಂದ್ರೆ ಅದೇ ಇನ್‌ಸ್ಟಾಲೇಶನ್, ಅದೇ ಮದರ್‌ಬೋರ್ಡು, ಹಾಗೇ ಎದ್ದು ಬರಬೇಕು.

ಡಿಸ್ಕ್ 500 ಜಿಬಿ. ಸಿ ಡ್ರೈವ್ ಸುಮಾರು 40, ಉಳಿದದ್ದು ಡಿ. ಸ್ಮಾರ್ಟ್, ಅಂದ್ರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆದು ನೋಡಿದೆ. ರೀಅಲೊಕೇಟೆಡ್ (ಕೆಟ್ಟು, ಬದಲಿ ಜಾಗ ಕೊಟ್ಟಿರುವ ಸೆಕ್ಟರ್) ನಲವತ್ತರ ಹತ್ತಿರ ಇತ್ತು, ಅದು ಪರವಾಗಿಲ್ಲ. ಪೆಂಡಿಂಗ್ ಸೆಕ್ಟರ್ (ಓದಲಾಗದೆ ಹಾಗೇ ಬಾಕಿ ಉಳಿದದ್ದು) ಇನ್ನೂರು ದಾಟಿತ್ತು, ಅದೇ ನನಗೆ ಭಯ ಹುಟ್ಟಿಸಿದ್ದು. ಹಿಂದಿನ ರಾತ್ರಿ ಕಂಪ್ಯೂಟರ್ ತಾನಾಗೇ ಚೆಕ್‌ಡಿಸ್ಕ್ (ವಿಂಡೋಸಿನ ಡಿಸ್ಕ್ ತಪಾಸಣೆ, ರಿಪೇರಿ) ಶುರು ಮಾಡಿದೆ, ಹುಡುಗರು "ಮಾಡ್ಕೊಳ್ಳಲಿ" ಅಂತ ಬಿಟ್ಟು ಮನೆಗೆ ಹೋಗಿದ್ದಾರೆ. ಸಾಯ್ತಿರೋ ಡಿಸ್ಕ್ ಮೇಲೆ ರಾತ್ರಿಯೆಲ್ಲಾ ಬರೆಯೋ ಕೆಲಸ! ನಾನು ಹೋದ ತಕ್ಷಣ ಮಾಡಿದ್ದು ಪ್ಲಗ್ ಕಿತ್ತದ್ದು.

ಬೆಂಗಳೂರಿನ ಒಂದು ರಿಕವರಿ ಅಂಗಡಿಗೆ ಫೋನ್ ಮಾಡಿ ಕೇಳಿದೆ. 28 ಸಾವಿರದಿಂದ ಶುರು ಅಂದರು, ಅದೂ ಫೈಲ್ ಮಾತ್ರ, ಬೂಟ್ ಆಗೋ ಗ್ಯಾರಂಟಿ ಇಲ್ಲ. ಪ್ರೆಸ್ಸಿನ ಯಜಮಾನ್ರು ಕನ್ನಡಕ ತೆಗೆದು ಒರೆಸುತ್ತಾ, "ತಮ್ಮಾ, ಮುಂದಿನ ತಿಂಗಳಿಂದ ಲಗ್ನ ಶುರು. ನೀನೇ ಏನಾದ್ರೂ ಮಾಡು" ಅಂದರು. ಆಗಲಿ ಯಜಮಾನ್ರೇ ಅಂದೆ.

ಮೊದಲ ಸೋಲು ಆತುರದ್ದು. ಎಲ್ಲರೂ ಮಾಡುವ ಹಾಗೆ ಹೊಸ ಡಿಸ್ಕ್ ಪಕ್ಕಕ್ಕೆ ಹಾಕಿ ನೇರವಾಗಿ ಕ್ಲೋನ್ (ಡಿಸ್ಕಿನಿಂದ ಡಿಸ್ಕಿಗೆ ನಕಲು) ಕೊಟ್ಟೆ. 37 ಪರ್ಸೆಂಟಿಗೆ ನಿಂತುಬಿಡ್ತು. ಮತ್ತೆ ಕೊಟ್ಟರೆ ಮತ್ತೆ ಅಲ್ಲೇ. ಇದರಲ್ಲಿ ಒಂದೂವರೆ ದಿನ ಹೋಯಿತು, ಡಿಸ್ಕಿನ ಆಯಸ್ಸೂ ಸ್ವಲ್ಪ ಹೋಯಿತು. ಎರಡನೇ ಸೋಲು 450 ರೂಪಾಯಿಯ ಯುಎಸ್‌ಬಿ ಅಡಾಪ್ಟರ್‌ದು. ಒಳ್ಳೇ ಡಿಸ್ಕಿಗೆ ಅದು ಸಾಕು. ಆದರೆ ಬ್ಯಾಡ್ ಸೆಕ್ಟರ್ ಬಂದ ಕೂಡಲೇ ಅಡಾಪ್ಟರ್ ತಾನೇ ರೀಸೆಟ್ ಆಗಿ ಡಿಸ್ಕ್ ಮಾಯ ಆಗುತ್ತೆ, ಮತ್ತೆ ಬಂದಾಗ ಲಿನಕ್ಸ್ ಅದಕ್ಕೆ ಕೊಡುವ ಹೆಸರು ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿರುತ್ತೆ. ಕಣ್ಣುಮುಚ್ಚಿ ಮುಂದುವರೆಸಿದರೆ ಕೆಲಸ ಬೇರೆ ಡಿಸ್ಕಿನ ಮೇಲೆ ನಡೆದು ಕತೆ ಮುಗೀತು. ಅವತ್ತಿನಿಂದ ನಾನು ಡಿಸ್ಕನ್ನು ಹೆಸರಿನಿಂದ ಅಲ್ಲ, ಸೀರಿಯಲ್ ನಂಬರಿನಿಂದ ಗುರುತಿಸುತ್ತೇನೆ. ನಂಬರನ್ನು ಮಾರ್ಕರ್‌ನಲ್ಲಿ ಟೇಪ್ ಮೇಲೆ ಬರೆದು ಡಿಸ್ಕಿಗೇ ಅಂಟಿಸುತ್ತೇನೆ. ಎಂಟರ್ ಒತ್ತುವ ಮೊದಲು ಒಮ್ಮೆ ಜೋರಾಗಿ ಓದಿಕೊಳ್ಳುತ್ತೇನೆ.

ಆಮೇಲೆ ದಾರಿ ಬದಲಿಸಿದೆ. ಕ್ಲೋನ್ ಬೇಡ, ಮೊದಲು ಇಮೇಜ್. ಹಳೇ ಡಿಸ್ಕ್ ಒಂದೇ ಸಲ ಓದಿಸಿಕೊಂಡು ಬದಿಗಿಡೋದು, ಆಮೇಲಿನ ಸರ್ಕಸ್ಸೆಲ್ಲಾ ಕಾಪಿ ಮೇಲೆ. ಇದಕ್ಕೆ 2 ಟಿಬಿ ಡಿಸ್ಕ್ ಒಂದು ಬೇಕಾಯಿತು, ಐದೂವರೆ ಸಾವಿರದ ಹತ್ತಿರ ಆಯಿತು, ಸದ್ಯಕ್ಕೆ ನನ್ನ ಕೈಯಿಂದಲೇ ಹಾಕಿದೆ. "500 ಜಿಬಿ ಡಿಸ್ಕಿಗೆ 2 ಟಿಬಿ ಯಾಕೋ" ಅಂತ ಗೆಳೆಯ ಕೇಳಿದ. ಒಂದು ಕಚ್ಚಾ ಇಮೇಜ್, ಅದರದ್ದೇ ಒಂದು ನಕಲು, ಒಂದು ವಿಡಿಐ (ವರ್ಚುವಲ್ ಕಂಪ್ಯೂಟರಿಗೆ ಕೊಡುವ ಡಿಸ್ಕ್ ಫೈಲ್), ಲೆಕ್ಕ ಹಾಕಿ ನೋಡಿ, ಒಂದೂವರೆ ಟಿಬಿ ತನಕ ಹೋಗುತ್ತೆ.

ಸಿಸ್ಟಮ್‌ರೆಸ್ಕ್ಯೂ ಅನ್ನೋ ರಿಪೇರಿ ಲಿನಕ್ಸಿನ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕನ್ನು ಬೋರ್ಡಿನ ಸಾಟಾ ಪೋರ್ಟಿಗೆ ನೇರವಾಗಿ ಹಾಕಿ, ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ಇಮೇಜ್ ತೆಗೆಯುವ ಕಮಾಂಡ್) ಕೊಟ್ಟೆ. ಮೊದಲ ಸುತ್ತು ಸಣ್ಣ ಎನ್ (-n) ಆಯ್ಕೆ ಹಾಕಿಯೇ ಕೊಡಬೇಕು. ಕೆರೆಯೋದು ಬೇಡ, ಸುಲಭವಾಗಿ ಬರೋದನ್ನು ಮೊದಲು ತಗೋ, ಅಂತ. ಸೆಕೆಂಡಿಗೆ 90 ಎಂಬಿ ತನಕ ಓಡಿತು. ಎರಡೂವರೆ ಗಂಟೆಯಲ್ಲಿ 99 ಪರ್ಸೆಂಟ್ ಮೇಲೆ ಬಂತು. ಕ್ಲೋನ್ ಸಾಫ್ಟ್‌ವೇರ್ 37ಕ್ಕೆ ಕೈ ಎತ್ತಿದ ಡಿಸ್ಕ್ ಇದೇ, ನೆನಪಿರಲಿ.

ಉಳಿದ ಅರವತ್ತು ಎಂಬಿ ಚಿಲ್ಲರೆಗೆ ಮೂರು ರಾತ್ರಿ ಹೋಯಿತು. ವೇಗ ಕೆಬಿ ಲೆಕ್ಕಕ್ಕೆ ಇಳಿಯಿತು, ಟಕ್ ಟಕ್ ಶಬ್ದ ಬೇರೆ. ಟೇಬಲ್ ಫ್ಯಾನ್ ಡಿಸ್ಕಿನ ಕಡೆಗೆ ತಿರುಗಿಸಿ ಕೂತೆ. ಎರಡನೇ ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಹತ್ತು ನಿಮಿಷಕ್ಕೇ ಕೂಗಿ ಸುಮ್ಮನಾಯಿತು. ಸಾದಾ ಕಾಪಿ ಕಮಾಂಡ್ ಡಿಡಿ ಆಗಿದ್ದರೆ ಅಲ್ಲಿಗೆ ಮುಗೀತಿತ್ತು. ಡಿಡಿರೆಸ್ಕ್ಯೂ ಮ್ಯಾಪ್ ಫೈಲ್‌ನಲ್ಲಿ ಎಲ್ಲಾ ಬರೆದಿಟ್ಟುಕೊಂಡಿರುತ್ತೆ, ಅದೇ ಕಮಾಂಡ್ ಮತ್ತೆ ಕೊಟ್ಟೆ, ಬಿಟ್ಟ ಹತ್ತಿರದಿಂದಲೇ ಹಿಡಿದುಕೊಂಡಿತು. ಮ್ಯಾಪ್ ಫೈಲ್ ಕೊಡದೆ ಓಡಿಸೋರನ್ನ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತೆ. ಮೂರನೇ ರಾತ್ರಿ ದೊಡ್ಡ ಆರ್ (-R) ಆಯ್ಕೆ ಹಾಕಿ ಹಿಂದಿನಿಂದ ಮುಂದಕ್ಕೆ ಓದಿಸಿದೆ. ಮುಂದಿನಿಂದ ಬಾರದ ಎಷ್ಟೋ ಸೆಕ್ಟರ್ ಹಿಂದಿನಿಂದ ಬಂದವು. ಕೊನೆಗೆ ಬಾರದೇ ಉಳಿದದ್ದು 3 ಎಂಬಿಯಷ್ಟು.

ಈ 3 ಎಂಬಿ ಯಾವ ಫೈಲಿನದು? ಅದು ಗೊತ್ತಾಗದಿದ್ದರೆ ಯಜಮಾನ್ರಿಗೆ ಧೈರ್ಯ ಹೇಳೋದು ಹೇಗೆ? ಡಿಡಿರೆಸ್ಕ್ಯೂದಲ್ಲೇ ಫಿಲ್ ಮೋಡ್ (ಖಾಲಿ ಉಳಿದ ಜಾಗ ತುಂಬಿಸುವ ವಿಧಾನ) ಇದೆ, ನಮ್ಮವರು ಯಾರೂ ಬಳಸೋದು ನೋಡಿಲ್ಲ. ಓದಲಾಗದ ಜಾಗದಲ್ಲೆಲ್ಲಾ ನಾನೇ ಒಂದು ಗುರುತಿನ ಪದ ತುಂಬಿಸಿದೆ, ಇಮೇಜಿನ ನಕಲಿನಲ್ಲಿ. ಆಮೇಲೆ ಅದನ್ನು ಲೂಪ್ ಮೌಂಟ್ ಮಾಡಿ (ಇಮೇಜ್ ಫೈಲನ್ನೇ ಡಿಸ್ಕಿನ ಹಾಗೆ ತೆರೆದು), ರೀಡ್ ಓನ್ಲಿ, ಆ ಪದಕ್ಕಾಗಿ ಗ್ರೆಪ್ ಅನ್ನೋ ಹುಡುಕುವ ಕಮಾಂಡ್ ಓಡಿಸಿದೆ. ಹನ್ನೊಂದು ಫೈಲ್ ಸಿಕ್ಕವು. ಏಳೋ ಎಂಟೋ ಹಾಡು, ಒಂದು ಹಳೇ ಸೆಟಪ್, ಎರಡು ಪೇಜ್‌ಮೇಕರ್ ಫೈಲ್. ಪಟ್ಟಿ ಪ್ರಿಂಟ್ ತೆಗೆದು ಕೊಟ್ಟೆ. ಯಜಮಾನ್ರು ಓದಿ, "ಈ ಎರಡೂ ಮದುವೆ ಆಗಿ ಅವರ ಮಕ್ಕಳು ಶಾಲೆಗೆ ಹೋಗ್ತಿದಾರೆ, ಬಿಡು" ಅಂದರು.

ನಡುವೆ ಒಂದು ಪ್ರಯೋಗ. ಇಮೇಜನ್ನು ವಿಡಿಐ ಮಾಡಿ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಏಳಿಸಿದೆ. ಸಾಟಾ ಕಂಟ್ರೋಲರ್ ಕೊಟ್ಟರೆ 7ಬಿ ನೀಲಿ ಪರದೆ, ಅಂದ್ರೆ ಬೂಟ್ ಡಿಸ್ಕ್ ಸಿಗಲಿಲ್ಲ ಅನ್ನೋ ದೋಷ; ಡಿಸ್ಕ್ ಜೋಡಿಸುವ ಹಳೇ ವಿಧಾನ ಐಡಿಇ ಕೊಟ್ಟ ಕೂಡಲೇ ಎಕ್ಸ್‌ಪಿ ಎದ್ದು ನಿಂತಿತು. ಆ ಹಸಿರು ಗುಡ್ಡದ ವಾಲ್‌ಪೇಪರ್ ನೋಡಿ ನಿಜಕ್ಕೂ ಖುಷಿಯಾಯಿತು. ಆದರೆ ಪ್ರಿಂಟರ್ ಪೋರ್ಟಿನ ಡಾಂಗಲ್ ಅಲ್ಲಿ ಕಾಣಲಿಲ್ಲ, ಹಾಗಾಗಿ ಕನ್ನಡ ಟೈಪ್ ಆಗಲಿಲ್ಲ. ಆದರೂ ಇಮೇಜ್ ಬೂಟ್ ಆಗುತ್ತೆ ಅಂತ ಗ್ಯಾರಂಟಿ ಆಯ್ತಲ್ಲ, ಅಷ್ಟು ಸಾಕು.

ಎಸ್‌ಎಸ್‌ಡಿ ತರುವಾಗ ಇನ್ನೊಂದು ತಪ್ಪು. 480 ಜಿಬಿದು ತಂದೆ, 500ರ ಡಿಸ್ಕ್ ಅದರಲ್ಲಿ ಹಿಡಿಯಲ್ಲ. ಒಳಗಿರೋದು 180 ಜಿಬಿ ಆದರೂ ಕಚ್ಚಾ ಇಮೇಜಿಗೆ ಅದೆಲ್ಲಾ ಲೆಕ್ಕಕ್ಕಿಲ್ಲ. ವಾಪಸ್ ಕೊಡೋಣ ಅಂದರೆ ಅಂಗಡಿಯವನು ಬಾಕ್ಸ್ ಒಡೆದಿದೆ ಅಂದ. ಸರಿ, ನನ್ನ ಹತ್ತಿರವೇ ಇದ್ದ 1 ಟಿಬಿ ಡಿಸ್ಕಿಗೆ ಇಮೇಜ್ ಇಳಿಸಿದೆ. ಅಲ್ಲಿ ಚೆಕ್‌ಡಿಸ್ಕ್ ಓಡಿಸಿದೆ. ಈಗ ಓಡಿಸಬಹುದು, ಕಾಪಿ ತಾನೇ. ಜಿಪಾರ್ಟೆಡ್ ಅನ್ನೋ ಪಾರ್ಟಿಶನ್ ತಂತ್ರಾಂಶದಲ್ಲಿ ಡಿ ಡ್ರೈವ್ ಕುಗ್ಗಿಸಿದೆ, ಡಿಸ್ಕ್ ಬ್ಯಾಕಪ್ ತಂತ್ರಾಂಶ ಕ್ಲೋನ್‌ಜಿಲ್ಲಾದಲ್ಲಿ ಸೇವ್ ಮಾಡಿ ಎಸ್‌ಎಸ್‌ಡಿಗೆ ರಿಸ್ಟೋರ್ ಕೊಟ್ಟೆ. ಗಾತ್ರ ನೋಡಬೇಡ ಅನ್ನೋ ಐಸಿಡಿಎಸ್ (-icds) ಆಯ್ಕೆಗೆ ಟಿಕ್ ಹಾಕೋದು ಮರೆಯಬೇಡಿ. ಎಕ್ಸ್‌ಪಿ ಪಾರ್ಟಿಶನ್ 63ನೇ ಸೆಕ್ಟರಿನಿಂದ ಶುರು ಆಗುತ್ತೆ, ಎಸ್‌ಎಸ್‌ಡಿಯ ಒಳಗಿನ ಬ್ಲಾಕ್‌ಗಳಿಗೆ ಅದು ಹೊಂದಲ್ಲ, 2048ಕ್ಕೆ ಸರಿಸಬೇಕು. ಸರಿಸಿದ ಮೇಲೂ ಬೂಟ್ ಆಗೋ ಹಾಗೆ ನೋಡಿಕೊಂಡದ್ದು ನನ್ನ ಗುಟ್ಟು, ಅದರಿಂದಲೇ ಎರಡು ಕೆಲಸ ಸಿಕ್ಕಿವೆ. ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಎಕ್ಸ್‌ಪಿಗೆ ಗೊತ್ತಿಲ್ಲ, ಅದಕ್ಕೆ ಕೊನೆಯಲ್ಲಿ 40 ಜಿಬಿ ಖಾಲಿ ಬಿಟ್ಟಿದ್ದೇನೆ.

ಸಿಕ್ಕಿಸಿ ಆನ್ ಮಾಡಿದರೆ ಮತ್ತೆ ಅದೇ 7ಬಿ. ಅರ್ಧ ದಿನ ತಲೆ ಕೆಡಿಸಿಕೊಂಡೆ. ನೋಡಿದರೆ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಪ್ಲಗ್ ಕಿತ್ತಿದ್ದ ದಿನಗಳಲ್ಲಿ ಬಯಾಸ್ (ಬೋರ್ಡಿನ ಮೂಲ ಸೆಟ್ಟಿಂಗ್) ಎಲ್ಲಾ ಮರೆತು, ಈ ಎಕ್ಸ್‌ಪಿಗೆ ಗೊತ್ತಿಲ್ಲದ ಸಾಟಾ ವಿಧಾನ ಎಎಚ್‌ಸಿಐಗೆ ಹೋಗಿತ್ತು. ಇಪ್ಪತ್ತು ರೂಪಾಯಿ ಬ್ಯಾಟರಿ, ಐಡಿಇ ಮೋಡ್, ಅಷ್ಟೇ. ಪೇಜ್‌ಮೇಕರ್ ಎರಡು ಸೆಕೆಂಡಿಗೆ ತೆರೆಯಿತು. ಹುಡುಗ ಹಳೇ ಕಾರ್ಡ್ ಒಂದನ್ನು ತೆರೆದ, 'ಶ್ರೀ' ಸರಿಯಾಗಿ ಕೂತಿತ್ತು.

ನಾನು ತಗೊಂಡದ್ದು ಒಟ್ಟು ಹದಿಮೂರು ಸಾವಿರ, ಎಸ್‌ಎಸ್‌ಡಿ ಮತ್ತು 2 ಟಿಬಿ ಡಿಸ್ಕ್ ಸೇರಿ. ಆ ಡಿಸ್ಕ್ ಈಗ ಅವರದ್ದೇ. ತಿಂಗಳಿಗೊಮ್ಮೆ ಹೋಗಿ ಕ್ಲೋನ್‌ಜಿಲ್ಲಾ ಇಮೇಜ್ ತೆಗೆದು ಬರುತ್ತೇನೆ. ಬಳಸಿದ ಬ್ಲಾಕ್ ಮಾತ್ರ, ಅದನ್ನೂ ಕಂಪ್ರೆಸ್ ಮಾಡಿ ತೆಗೆಯೋದರಿಂದ 120 ಜಿಬಿಯೊಳಗೆ ಮುಗಿಯುತ್ತೆ, ಮುಕ್ಕಾಲು ಗಂಟೆ ಕೆಲಸ, ಐನೂರು ರೂಪಾಯಿ. ಮೂರು ತಿಂಗಳ ಇಮೇಜ್ ಇಟ್ಟು ಹಳೇದನ್ನು ಅಳಿಸುತ್ತೇನೆ. ಡಿಸ್ಕ್ ಪ್ರೆಸ್ಸಿನಲ್ಲಿ ಇಡಲ್ಲ, ಯಜಮಾನ್ರ ಮನೆ ಬೀರುವಿನಲ್ಲಿ ಇರುತ್ತೆ. ಮೂರು ತಿಂಗಳಿಗೊಮ್ಮೆ ಬೇರೆ ಡಿಸ್ಕಿಗೆ ರಿಸ್ಟೋರ್ ಮಾಡಿ, ಅಲ್ಲೇ ಬೂಟ್ ಮಾಡಿ, ಒಂದು ಕಾರ್ಡ್ ಪ್ರಿಂಟ್ ಕೊಟ್ಟು ನೋಡುತ್ತೇನೆ. ಆಗ ಎಸ್‌ಎಸ್‌ಡಿಯ ಕೇಬಲ್ ಬಿಚ್ಚಿಟ್ಟಿರಬೇಕು. ಎರಡಕ್ಕೂ ಸಿಗ್ನೇಚರ್ (ವಿಂಡೋಸ್ ಡಿಸ್ಕನ್ನು ಗುರುತಿಸುವ ಸಂಖ್ಯೆ) ಒಂದೇ, ಒಟ್ಟಿಗೆ ಇದ್ದರೆ ವಿಂಡೋಸ್ ಗೊಂದಲ ಮಾಡಿಕೊಳ್ಳುತ್ತೆ.

ಈಗ ಉಳಿದಿರೋ ಚಿಂತೆ ಡಾಂಗಲ್‌ದು. ಅದರ ಇಮೇಜ್ ತೆಗೆಯೋಕೆ ಬರಲ್ಲ, ಆ ಬೋರ್ಡಿಗೂ ವಯಸ್ಸಾಗಿದೆ. ಬೇರೆ ಬೋರ್ಡಿಗೆ ಪ್ರಿಂಟರ್ ಪೋರ್ಟಿನ ಪಿಸಿಐ ಕಾರ್ಡ್ (ಬೋರ್ಡಿನ ಸ್ಲಾಟಿಗೆ ಹಾಕುವ ಹೆಚ್ಚುವರಿ ಕಾರ್ಡ್) ಹಾಕಿದರೆ ಇಂಥ ಹಳೇ ಡಾಂಗಲ್ ಒಪ್ಪುತ್ತಾ? ಎಕ್ಸ್‌ಪಿಯಲ್ಲಿ ಮಾಡಿ ನೋಡಿದವರು ಯಾರಾದ್ರೂ ಇದ್ದರೆ, ಯಾವ ಚಿಪ್ಪಿನ ಕಾರ್ಡು ಅನ್ನೋದನ್ನ ದಯವಿಟ್ಟು ಹೇಳಿ.