ಜೂಮಲ್ಲಿ ಜ್ಯೂರಿ ಆರಿಸಿದ್ದು: ನನ್ನ ಅನುಭವ

"ನಾಳೆ ಜ್ಯೂರಿ ಸೆಲೆಕ್ಷನ್ ಅಪ್ಪ, ಮನೆಯಿಂದಾನೇ, ಜೂಮಲ್ಲಿ" ಅಂದೆ ಫೋನಲ್ಲಿ. ಊರಿನ ಕೋರ್ಟಲ್ಲಿ ಶಿರಸ್ತೇದಾರ್ ಆಗಿ ರಿಟೈರ್ ಆದವ್ರು ಅವ್ರು, ಒಂದ್ನಿಮಿಷ ಸುಮ್ಮನಿದ್ದು "ಗೌನ್ ಹಾಕ್ಕೊಂಡು ಕೂತ್ಕೋತೀಯೇನಮ್ಮ?" ಅಂದ್ರು. ಇಲ್ಲಿ ಲಾಯರ್‌ಗಳಿಗೆ ಗೌನೇ ಇಲ್ಲ, ಅದು ಬೇರೆ ವಿಷಯ. ಭಾರತದಲ್ಲಿ 1973ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಬಂದಾಗಿಂದ ಕ್ರಿಮಿನಲ್ ಕೇಸಲ್ಲಿ ಜ್ಯೂರಿಗೆ ಜಾಗಾನೇ ಇಲ್ಲ, ಹಾಗಾಗಿ ಬೀದೀಲಿ ಹೋಗೋ ಜನಾನ ಕರೆಸಿ, ಪ್ರಶ್ನೆ ಕೇಳಿ, ಅವ್ರಲ್ಲೇ 12 ಜನಾನ ತೀರ್ಪಿಗೆ ಕೂರಿಸ್ತೀವಿ ಅಂದ್ರೆ ಅಪ್ಪಂಗೆ ಇವತ್ತಿಗೂ ತಮಾಷೆ.

ನಾನಿರೋದು ಅಮೆರಿಕದ ಸಿಯಾಟಲ್ ಹತ್ರ, ಕಿಂಗ್ ಕೌಂಟಿ ಅನ್ನೋ ಜಿಲ್ಲೇಲಿ, ಲಾಯರ್ ಕೆಲಸ. 2020ರ ಮಾರ್ಚಲ್ಲಿ ಕೋವಿಡ್ ಬಂದು ಜ್ಯೂರಿ ಟ್ರಯಲ್‌ಗಳು ನಿಂತ್ಹೋದ್ವು, ಜೂನಲ್ಲಿ ನಮ್ಮ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು ವಿಡಿಯೋದಲ್ಲೂ ಜ್ಯೂರಿ ಆರಿಸಬಹುದು ಅಂತ ಆರ್ಡರ್ ಮಾಡ್ತು. ಅದಕ್ಕೂ ಮುಂಚೆ ಮೇ ತಿಂಗಳಲ್ಲೇ ಟೆಕ್ಸಸ್‌ನ ಕಾಲಿನ್ ಕೌಂಟಿಯಲ್ಲಿ ಒಂದು ಇನ್ಶುರೆನ್ಸ್ ಜಗಳಕ್ಕೆ ಜೂಮಲ್ಲೇ ಜ್ಯೂರಿ ಕೂರಿಸಿ ನೋಡಿದ್ರು. ಬ್ರೇಕಲ್ಲಿ ಒಬ್ರು ಫೋನ್ ಬಂತು ಅಂತ ಎದ್ದು ಹೋದೋರು ಜಡ್ಜ್ ಕರೆದ್ರೂ ಕೇಳಿಸ್ಕೊಳ್ಲಿಲ್ಲ ಅಂತ ಸುದ್ದಿ ಆಗಿತ್ತು. ನಾವೆಲ್ಲ ಓದಿ ನಕ್ಕಿದ್ವಿ, ಮುಂದಿನ ವರ್ಷ ನನ್ನ ಸರದಿ ಬಂತು.

ಕೇಸ್ ದೊಡ್ಡದೇನಲ್ಲ. ಹಿಂದಿಂದ ಕಾರ್ ಗುದ್ದಿದ್ದು, ನಾನು ಪೆಟ್ಟು ತಿಂದೋರ ಪರ. ಸಿವಿಲ್ ಕೇಸಲ್ಲಿ ನಮ್ಮ ರಾಜ್ಯದಲ್ಲಿ ಪ್ರತಿ ಪಾರ್ಟಿಗೂ ಮೂರು ಪೆರೆಂಪ್ಟರಿ, ಅಂದ್ರೆ ಕಾರಣ ಕೊಡದೆ ಮೂರು ಜನಾನ ಬೇಡ ಅನ್ನಬಹುದು. ಇವ್ರಿಗೆ ಪೂರ್ವಾಗ್ರಹ ಇದೆ ಅಂತ ಜಡ್ಜ್‌ಗೆ ತೋರಿಸಿ ತೆಗೆಸೋದಾದ್ರೆ ಅದಕ್ಕೆ ಮಿತಿ ಇಲ್ಲ.

ಶುರುವಾದ ಹತ್ತು ನಿಮಿಷಕ್ಕೇ ಎಡವಟ್ಟಾಯ್ತು. ಕೋರ್ಟ್ ಹಾಲಲ್ಲಿ ಮಾಡೋ ಹಾಗೇ ಯಾರು ಎಲ್ಲಿ ಕೂತಿದಾರೆ ಅಂತ ಪೇಪರ್ ಮೇಲೆ ಚೌಕ ಬರ್ಕೊಂಡಿದ್ದೆ, "ಇದಕ್ಕೆ ಒಪ್ಪೋರು ಕೈ ಎತ್ತಿ" ಅಂದೆ, ಎಲ್ರೂ ಜೂಮಿನ ರೈಸ್ ಹ್ಯಾಂಡ್ ಬಟನ್ ಒತ್ತಿದ್ರು, ಬಟನ್ ಒತ್ತಿದೋರ ಮುಖ ಎಲ್ಲಾ ಜಂಪ್ ಆಗಿ ಮೇಲಕ್ಕೆ ಹೋಯ್ತು, ನನ್ನ ಚೌಕ ಪೂರ್ತಿ ಗೊಬ್ಬರ. ಆಮೇಲೆ "ಬಟನ್ ಬೇಡ, ನಿಜವಾದ ಕೈ ಎತ್ತಿ" ಅಂತ ಹೇಳಿ ಬರೀ ನಂಬರ್ ಪ್ರಕಾರ ನೋಟ್ಸ್ ಮಾಡ್ಕೊಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ನಮ್ಮತ್ತೆಯ ಕುಕ್ಕರ್ ಕೂಗ್ತು. ಜಡ್ಜ್ ಏನೂ ಅನ್ಲಿಲ್ಲ, ಅದೇ ಇನ್ನೂ ಮುಜುಗರ.

ಇನ್ನೊಬ್ರು, "ಇಂಥ ಕೇಸ್ ಹಾಕೋರು ಅಂದ್ರೆ ನಂಗೆ..." ಅನ್ನೋವಾಗ್ಲೇ ಫ್ರೀಜ್ ಆದ್ರು. ಬಾಯಿ ಅರ್ಧ ತೆಗೆದೇ ಇದೆ. ವಾಪಸ್ ಬಂದ್ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿದೆ, ಬಂದ ಉತ್ತರ ತುಂಬಾ ನಯವಾಗಿತ್ತು, ಮೊದಲು ಹೇಳೋಕೆ ಹೊರಟಿದ್ದೇ ಬೇರೆ ಅಂತ ನನ್ನ ಅನುಮಾನ.

ನಿಜವಾಗಿ ತಲೆ ಕೆಡಿಸಿದ್ದು ಕಣ್ಣುಗಳು. ನಾನು ಕಲಿತಿದ್ದೇ ಮುಖ ಓದೋದು, ಯಾರು ಕೈ ಕಟ್ಟಿದಾರೆ, ಯಾರು ನನ್ನ ಕಣ್ಣು ತಪ್ಪಿಸ್ತಿದಾರೆ ಅಂತ. 14ನೇ ನಂಬರಿನವ್ರು, ವಲಸೆ ಬಂದೋರು, ಇಂಗ್ಲಿಷ್ ಸ್ವಲ್ಪ ತಡವರಿಸ್ತಿತ್ತು, ನಾನು ಮಾತಾಡಿದಷ್ಟು ಹೊತ್ತೂ ಪಕ್ಕಕ್ಕೇ ನೋಡ್ತಿದ್ರು. ನನ್ನ ಮಾತು ಹಿಡಿಸ್ತಿಲ್ಲ ಅಂದ್ಕೊಂಡು ಮೂರರಲ್ಲಿ ಒಂದು ಇವ್ರಿಗೆ ಅಂತ ಗುರುತು ಹಾಕ್ಕೊಂಡೆ. ಜೂನಿಯರ್ ತಕ್ಷಣ ವಾಟ್ಸಾಪ್ ಮಾಡಿದ್ಳು: "ಮೇಡಂ, ಜಿಆರ್ 37."

ಜಿಆರ್ ಅಂದ್ರೆ ಜನರಲ್ ರೂಲ್, 2018ರಲ್ಲಿ ವಾಷಿಂಗ್ಟನ್ ತಂದಿದ್ದು. ನೀವು ಕೈಬಿಡ್ತಿರೋದ್ರಲ್ಲಿ ಜನಾಂಗ, ಮೂಲ ಒಂದು ಕಾರಣ ಇರಬಹುದು ಅಂತ ಹೊರಗಿಂದ ನೋಡೋರಿಗೆ ಅನ್ನಿಸೋ ಹಾಗಿದ್ರೆ ಸಾಕು, ಜಡ್ಜ್ ಒಪ್ಪೋ ಹಾಗಿಲ್ಲ, ನಿಮ್ಮ ಮನಸ್ಸಲ್ಲಿ ಕೆಟ್ಟದ್ದಿತ್ತು ಅಂತ ಯಾರೂ ಸಾಬೀತು ಮಾಡ್ಬೇಕಿಲ್ಲ. ಮಾತೃಭಾಷೆ ಇಂಗ್ಲಿಷ್ ಅಲ್ಲ ಅನ್ನೋ ಕಾರಣ ನಡೆಯೋದು ತೀರಾ ಕಷ್ಟ. "ಕಣ್ಣಲ್ಲಿ ಕಣ್ಣಿಟ್ಟು ನೋಡ್ಲಿಲ್ಲ" ಅನ್ನೋದು ಅದ್ರಲ್ಲಿ ಹೆಸರಿಟ್ಟು ಬರೆದಿರೋ ಅನುಮಾನದ ಕಾರಣ, ಹೇಳೋದಾದ್ರೆ ಆಗಲೇ ಜಡ್ಜ್‌ಗೂ ಎದುರು ಲಾಯರ್‌ಗೂ ತಿಳಿಸ್ಬೇಕು, ಅವ್ರಲ್ಲಿ ಒಬ್ರಾದ್ರೂ ಹೌದು ನಾವೂ ನೋಡಿದ್ವಿ ಅನ್ಬೇಕು. ಎಷ್ಟು ವರ್ಷದಿಂದ ಇಂಗ್ಲಿಷಲ್ಲಿ ತಡವರಿಸೋ ನಮ್ಮೋರ ಪರ ಮಾತಾಡ್ಕೊಂಡು ಬಂದ ನಾನೇ ಪೆನ್ ಹಿಡ್ಕೊಂಡು ಕೂತಿದ್ನಲ್ಲ ಅಂತ ನಾಚಿಕೆ ಆಯ್ತು.

ಸರಿ, ನೇರ ಕೇಳೇ ಬಿಟ್ಟೆ: "14, ನಾನು ನಿಮಗೆ ಎಲ್ಲಿ ಕಾಣ್ತಿದೀನಿ?" ಅವ್ರು ಲ್ಯಾಪ್‌ಟಾಪ್ ಎತ್ತಿ ತಿರುಗಿಸಿದ್ರು. ಪಕ್ಕದ ಗೋಡೆ ಮೇಲೆ ದೊಡ್ಡ ಟಿವಿ, ಅದರ ತುಂಬಾ ನನ್ನ ಮುಖ! ಮನುಷ್ಯ ಎಲ್ರಿಗಿಂತ ಚೆನ್ನಾಗಿ ನನ್ನನ್ನೇ ನೋಡ್ತಿದ್ರು. ಇತ್ತ ಕ್ಯಾಮೆರಾಗೆ ನೆಟ್ಟಗೆ ಮುಖ ಕೊಟ್ಟು ಕೂತಿದ್ದ ಇನ್ನೊಬ್ರ ಕನ್ನಡಕದಲ್ಲಿ ಯಾವ್ದೋ ಆನ್‌ಲೈನ್ ಅಂಗಡಿ ಪುಟ ಓಡ್ತಿತ್ತು.

ಆಮೇಲಿಂದ ನಾನು ಮುಖ ಓದೋದು ಬಿಟ್ಟು ಮಾತಾಡಿಸೋದಕ್ಕೇ ಟೈಮ್ ಕೊಟ್ಟೆ. ಇದೊಂದರಲ್ಲಿ ಮಾತ್ರ ವಿಡಿಯೋ ವಾಸಿ ಅನ್ನಿಸ್ತು, ಹಾಲಲ್ಲಿ ಅಪರಿಚಿತರ ಮಧ್ಯೆ ಬಾಯಿ ಬಿಡದ ಜನ ತಮ್ಮ ಕುರ್ಚೀಲಿ ಕೂತು ಸಲೀಸಾಗಿ ಮಾತಾಡ್ತಾರೆ. ಎಲ್ರೆದುರು ಹೇಳೋಕಾಗಲ್ಲ ಅಂದೋರನ್ನ ಬ್ರೇಕ್‌ಔಟ್ ರೂಮಿಗೆ ಕರ್ಕೊಂಡು ಹೋಗಿ ಜಡ್ಜ್, ಎರಡೂ ಕಡೆ ಲಾಯರ್‌ಗಳು ಮಾತ್ರ ಇದ್ದು ಕೇಳಿದ್ವಿ. ತನಗೇ ಆಗಿದ್ದ ಆಕ್ಸಿಡೆಂಟ್ ಬಗ್ಗೆ ಒಬ್ರು ಅಲ್ಲಿ ಹೇಳಿದ್ದು ಹಾಲಲ್ಲಿ ಖಂಡಿತ ಹೊರಗೆ ಬರ್ತಿರಲಿಲ್ಲ.

14ನೇಯವ್ರು ಜ್ಯೂರಿಯಲ್ಲಿ ಉಳಿದ್ರು. ಆ ಕೇಸ್ ಆದ್ಮೇಲೆ ವಿಡಿಯೋ ಸೆಲೆಕ್ಷನ್ ಇದ್ದಾಗೆಲ್ಲ ಮೊದಲ ಪ್ರಶ್ನೆ ಇದೇ: ನನ್ನ ಮುಖ ನಿಮಗೆ ಯಾವ ಕಡೆ ಕಾಣ್ತಿದೆ, ಬೆರಳಲ್ಲಿ ತೋರಿಸಿ. ಒಬ್ಬೊಬ್ರು ಒಂದೊಂದು ಕಡೆ ತೋರಿಸ್ತಾರೆ, ನಾನು ಅವ್ರ ನಂಬರ್ ಪಕ್ಕ ಒಂದು ಬಾಣದ ಗುರುತು ಹಾಕ್ಕೋತೀನಿ.