‘ಹ್ಯಾವ್’ ಎಲ್ಲಿ, ‘ಹ್ಯಾವಿಂಗ್’ ಎಲ್ಲಿ?

ಇಂಗ್ಲಿಷಿನ ‘ಹ್ಯಾವ್’ ಕ್ರಿಯಾಪದಕ್ಕೆ ಸರಿಸಮನಾದ ಒಂದೇ ಪದ ಕನ್ನಡದಲ್ಲಿಲ್ಲ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’, ‘ನನ್ನ ಹತ್ತಿರ ನೂರು ರೂಪಾಯಿ ಇದೆ’, ‘ನಮ್ಮ ಮನೆಯಲ್ಲಿ ಮೂರು ಕೋಣೆಗಳಿವೆ’ ಎಂದು ಎಲ್ಲ ಕಡೆಯೂ ‘ಇರು’ ಧಾತುವಿನಿಂದಲೇ ಕೆಲಸ ಸಾಗಿಸುತ್ತೇವೆ. ಇಂಗ್ಲಿಷಿನಲ್ಲಿ ಉಳ್ಳವನೇ ಕರ್ತೃ: ‘ಐ ಹ್ಯಾವ್ ಟೂ ಬ್ರದರ್ಸ್’, ‘ಅವರ್ ಹೌಸ್ ಹ್ಯಾಸ್ ತ್ರೀ ರೂಮ್ಸ್’. ಆದ್ದರಿಂದ ವಾಕ್ಯ ಕಟ್ಟುವ ಮೊದಲು ‘ನನಗೆ’ ಎಂಬುದನ್ನು ಮನಸ್ಸಿನಲ್ಲಿ ‘ನಾನು’ ಮಾಡಿಕೊಳ್ಳಬೇಕು.

ನಮ್ಮವರ ಬಾಯಲ್ಲಿ ಆಗಾಗ ಕೇಳಿಬರುವ ತಪ್ಪೆಂದರೆ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’. ತಮ್ಮಂದಿರು ಇರುವುದು ನಡೆಯುತ್ತಿರುವ ಕೆಲಸವಲ್ಲ, ಒಂದು ಸ್ಥಿತಿ. ಸ್ಥಿತಿಗೆ ‘ಹ್ಯಾವಿಂಗ್’ ಸಲ್ಲದು. ಇದನ್ನು ಪತ್ತೆಹಚ್ಚಲು ಕನ್ನಡವೇ ನೆರವಾಗುತ್ತದೆ. ಹೇಳಬೇಕಾದ ಮಾತು ಕನ್ನಡದಲ್ಲಿ ‘ಇದೆ’, ‘ಇದ್ದಾರೆ’ ಎಂದು ಮುಗಿದರೆ ‘ಹ್ಯಾವ್’ ಅಥವಾ ‘ಹ್ಯಾಸ್’ ಬಳಸಿ; ‘ಮಾಡುತ್ತಿದ್ದೇನೆ’, ‘ಆಗುತ್ತಿದೆ’ ಎಂದು ಮುಗಿದರೆ ‘ಹ್ಯಾವಿಂಗ್’ ಸಾಮಾನ್ಯವಾಗಿ ಒಪ್ಪುತ್ತದೆ. ಊಟ ಮಾಡುತ್ತಿರುವವರು ‘ಐ ಆಮ್ ಹ್ಯಾವಿಂಗ್ ಲಂಚ್’ ಎನ್ನಬಹುದು; ಜ್ವರ ಇರುವವರು, ರಜಾ ಅರ್ಜಿಗಳಲ್ಲಿ ಎಷ್ಟೇ ರೂಢಿಯಲ್ಲಿದ್ದರೂ, ‘ಐ ಆಮ್ ಹ್ಯಾವಿಂಗ್ ಫೀವರ್’ ಎಂದು ಬರೆಯದೆ ‘ಐ ಹ್ಯಾವ್ ಎ ಫೀವರ್’ ಎಂದು ಬರೆಯುವುದೇ ಸರಿ.

‘ಹಿ’, ‘ಶಿ’, ‘ಇಟ್’ಗಳೊಡನೆ ‘ಹ್ಯಾಸ್’ ಬರುತ್ತದೆ, ಭೂತಕಾಲದಲ್ಲಿ ಎಲ್ಲರಿಗೂ ‘ಹ್ಯಾಡ್’. ಆದರೆ ‘ಡಸ್’ ಅಥವಾ ‘ಡಿಡ್’ ಮುಂದೆ ಬಂದೊಡನೆ ಮೂಲರೂಪಕ್ಕೇ ಮರಳಬೇಕು: ‘ಡಸ್ ಶಿ ಹ್ಯಾವ್ ಎ ಪೆನ್?’

‘ಊಟ ಆಯಿತಾ?’ ಎಂಬ ನಮ್ಮ ನಿತ್ಯದ ಪ್ರಶ್ನೆಯಲ್ಲಿ ಈ ಕ್ರಿಯಾಪದ ಎರಡು ಬಾರಿ ಬರುತ್ತದೆ: ‘ಹ್ಯಾವ್ ಯು ಹ್ಯಾಡ್ ಲಂಚ್?’ ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ಉಣ್ಣುವುದನ್ನು ಹೇಳುವ ಮುಖ್ಯ ಕ್ರಿಯಾಪದ. ಹೀಗೆ ಸಹಾಯಕವಾಗಿ ಬಂದಾಗ ಒಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂದರೆ ಯಾರಿಗೂ ಕಿವಿ ಚುಚ್ಚುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ಯೆಸ್ಟರ್‌ಡೇ’ಯಂಥ ಮುಗಿದುಹೋದ ಹೊತ್ತನ್ನು ಹೆಸರಿಸಿದ ಮೇಲೆ ‘ಹ್ಯಾವ್ ಸೀನ್’ ಎನ್ನುವಂತಿಲ್ಲ, ‘ಐ ಸಾ ಹಿಮ್ ಯೆಸ್ಟರ್‌ಡೇ’ ಎಂದೇ ಹೇಳಬೇಕು.

ಇನ್ನು ‘ಹ್ಯಾವ್ ಟು’ ಎಂದರೆ ನಮ್ಮ ‘ಬೇಕು’: ‘ಐ ಹ್ಯಾವ್ ಟು ಗೋ’, ನಾನು ಹೋಗಬೇಕು. ಮಾತಿನಲ್ಲಿ ಇದು ‘ಹ್ಯಾಫ್ ಟು’ ಎಂದೇ ಕೇಳಿಸುತ್ತದೆ. ಇದರ ನಿಷೇಧರೂಪ ಹಲವರನ್ನು ದಾರಿ ತಪ್ಪಿಸುತ್ತದೆ. ‘ಯು ಡೋಂಟ್ ಹ್ಯಾವ್ ಟು ಕಮ್’ ಎಂದು ಯಾರಾದರೂ ಹೇಳಿದರೆ ‘ನೀವು ಬರಬಾರದು’ ಎಂದು ಬೇಸರಪಟ್ಟುಕೊಳ್ಳಬೇಕಾಗಿಲ್ಲ. ‘ಬರಲೇಬೇಕೆಂದೇನಿಲ್ಲ’ ಎಂದಷ್ಟೇ ಅದರ ಅರ್ಥ. ಬರಬಾರದೆಂದೇ ಹೇಳಬೇಕಿದ್ದರೆ ಅವರು ‘ಮಸ್ಟ್ ನಾಟ್’ ಬಳಸುತ್ತಿದ್ದರು.