ಹತ್ತಿ ಹೊಲದಿಂದ ಅರಾಲ್ ಸಮುದ್ರಕ್ಕೆ: ಒಂದು ಪ್ರೊಜೆಕ್ಟರ್ ಪಾಠ

ನವೆಂಬರ್ ಬಂತು ಅಂದರೆ ನನ್ನ ಒಂಬತ್ತನೇ ತರಗತಿಯ ಹಿಂದಿನ ಬೆಂಚುಗಳು ಖಾಲಿ. ರಾಯಚೂರು ತಾಲ್ಲೂಕಿನ ಹಳ್ಳಿ ನಮ್ಮದು. ಮಕ್ಕಳು ಹತ್ತಿ ಬಿಡಿಸಲು ಹೋಗಿರುತ್ತಾರೆ. ಜಗತ್ತಿನ ಪಾಠವನ್ನು ನಾನು ಆ ಹತ್ತಿಯಿಂದಲೇ ಶುರು ಮಾಡುತ್ತೇನೆ. ನೀವೂ ನಿಮ್ಮೂರಲ್ಲಿ ಇರುವುದನ್ನೇ ಹಿಡಿಯಿರಿ. ಗಂಗಾವತಿಯಲ್ಲಿ ಭತ್ತ, ಬಳ್ಳಾರಿಯಲ್ಲಿ ಜೀನ್ಸ್. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಚಾರ್ಟ್ ಮಾತ್ರ ಮೊದಲ ದಿನವೇ ತೂಗುಹಾಕಬೇಡಿ. ನಾನು ಹಾಗೆ ಮಾಡಿ, ಅರ್ಧ ಕ್ಲಾಸು ಆಕಳಿಸುವುದನ್ನು ನೋಡಿದ್ದೇನೆ.

ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಒಂದು ಮೊಬೈಲ್ ಸಾಕು. ನೆಟ್ ನಂಬಬೇಡಿ. ಹಿಂದಿನ ರಾತ್ರಿಯೇ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ ಮಧ್ಯ ಏಷ್ಯಾದ ಅರಾಲ್ ಸಮುದ್ರ ಹುಡುಕಿ, ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಳ್ಳಿ. 1984ರಿಂದ ಈಚಿನ ಉಪಗ್ರಹ ಚಿತ್ರಗಳು ಒಂದರ ಹಿಂದೊಂದು ಓಡುತ್ತವೆ. ಕರೆಂಟು ಹೋದರೆ ಲ್ಯಾಪ್‌ಟಾಪ್ ಸುತ್ತಲೇ ಕೂರಿಸಿ.

ಎರಡು ಸಲ ಓಡಿಸಿ, ಸುಮ್ನೆ ನಿಂತುಬಿಡಿ. ಏನೂ ಹೇಳಬೇಡಿ. ನಮ್ಮಲ್ಲಿ ಒಬ್ಬ ಕೇಳಿದ: "ಸರ್, ನೀರೆಲ್ಲಾ ಎಲ್ಲಿ ಹೋತ್ರಿ?" ಹೇಳುವ ಹೊತ್ತು ಅದೇ. ಸೋವಿಯತ್ ಕಾಲದಲ್ಲಿ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿದರು, ಹೆಚ್ಚಾಗಿ ಹತ್ತಿ ಬೆಳೆಯಲು. 1960ರ ದಶಕದಿಂದ ಸಮುದ್ರ ಬತ್ತುತ್ತಾ ಬಂತು. ಹತ್ತಿ ಅಂದ ಕೂಡಲೇ ಕಾಲುವೆ ಕೊನೆಯ ಹೊಲದವರ ಮಕ್ಕಳು ನೆಟ್ಟಗೆ ಕೂತರು.

ಈಗ ನೆಟ್ ಸಿಕ್ಕರೆ ಗೂಗಲ್ ಅರ್ಥ್ ತೆರೆದು ಮೌಸ್ ಮಕ್ಕಳ ಕೈಗೆ ಕೊಡಿ. ಹುಡುಗಿಯರಿಗೆ ಮೊದಲು, ಇಲ್ಲದಿದ್ದರೆ ಮುಂದಿನ ಬೆಂಚಿನ ಇಬ್ಬರು ಹುಡುಗರು ಅದನ್ನು ಬಿಡುವುದೇ ಇಲ್ಲ. ಒಂದು ಕಾಲದಲ್ಲಿ ಬಂದರಾಗಿದ್ದ ಉಜ್ಬೇಕಿಸ್ತಾನದ ಮೊಯ್ನಾಕ್ ಊರಿನಿಂದ ಈಗಿನ ನೀರಿನವರೆಗೆ ಅಳತೆಪಟ್ಟಿ ಎಳೆಸಿ. ಅಲ್ಲಿ ಹಡಗುಗಳು ಮರಳಲ್ಲಿ ತುಕ್ಕು ಹಿಡಿದು ನಿಂತಿವೆ.

ಎರಡನೇ ಪೀರಿಯಡ್ ಅಲ್ಲಿನ ಮಕ್ಕಳದು. ಉಜ್ಬೇಕಿಸ್ತಾನದಲ್ಲಿ ಸರ್ಕಾರವೇ ಮಕ್ಕಳನ್ನು ಶಾಲೆ ಬಿಡಿಸಿ ಹತ್ತಿ ಹೊಲಕ್ಕೆ ಕಳಿಸುತ್ತಿತ್ತು. ಹೊರಗಿನ ಬಟ್ಟೆ ಕಂಪನಿಗಳು ಆ ಹತ್ತಿ ಬೇಡ ಅಂದವು. ಆ ಬಹಿಷ್ಕಾರ ಮುಗಿದದ್ದು 2022ರಲ್ಲಿ, ವ್ಯವಸ್ಥಿತ ಬಲವಂತದ ದುಡಿಮೆ ನಿಂತಿದೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿದ ಮೇಲೆ.

"ಮತ್ತ ನಮ್ಮನ್ನ ಯಾರು ಕಳಸ್ತಾರ್ರಿ ಸರ್?" ಅಂದಳು ಒಬ್ಬಳು. ನನ್ನ ಬಾಯಿ ಕಟ್ಟಿತು. ಇಲ್ಲಿ ಹುಷಾರು. ಅಪ್ಪ ಅಮ್ಮನ ಮೇಲೆ ತಪ್ಪು ಹೊರಿಸಿದರೆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಅದಕ್ಕೇ ಮೊಬೈಲಿನ ವಾಯ್ಸ್ ರೆಕಾರ್ಡರ್ ಕಲಿಸಿದೆ. ಮನೆಯವರನ್ನೇ ಕೇಳಲಿ: ದಿನಕ್ಕೆ ಎಷ್ಟು ಕೆಜಿ ಬಿಡಿಸುತ್ತೀರಿ, ಕೆಜಿಗೆ ಎಷ್ಟು ಕೂಲಿ, ಸಣ್ಣ ಮಕ್ಕಳನ್ನು ಯಾರು ನೋಡುತ್ತಾರೆ? ಒಪ್ಪಿಗೆ ಕೇಳಿಯೇ ಮಾಡಲಿ. ಎರಡು ನಿಮಿಷ ಸಾಕು. ಹೆಸರು, ಮುಖ, ವಿಡಿಯೋ ಬೇಡ. ಕೇಳಿದ್ದನ್ನು ಒಂದೇ ಪುಟಕ್ಕೆ ಇಳಿಸಿ ಮಕ್ಕಳ ಗ್ರಾಮಸಭೆಗೆ ಒಯ್ಯಿರಿ. ಟೈಪಿಂಗೂ ಅವರದೇ, ಕಾಗುಣಿತ ತಪ್ಪಿದರೂ ಪರವಾಗಿಲ್ಲ.

ನಮ್ಮವರು ಬರೆದ ಮೊದಲ ಸಾಲು ನಾನು ಎಣಿಸಿದ್ದಾಗಿರಲಿಲ್ಲ: "ಹತ್ತಿ ಬಿಡಿಸೋ ತಿಂಗಳಲ್ಲಿ ಅಂಗನವಾಡಿ ಸಂಜೆ ಆರರ ತನಕ ತೆರೆದಿರಲಿ. ಆಗ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಕೂರುವುದು ತಪ್ಪುತ್ತದೆ."